ಸುಸ್ತಿ ಕಲಮಿಗೆ ಉಘೇ ಉಘೇ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಬರ್ಗರ್ ಬರುವುದಕ್ಕೆ ಮೊದಲು ಅದರ ಫ್ರಾಂಚೈಸಿ ಕರಾರು ಬರಬೇಕು. ಅದರಲ್ಲೂ ಡಿಫಾಲ್ಟ್ ಅಧ್ಯಾಯ, ನಮ್ಮ ಸೊಸೈಟಿ ಬ್ಯಾಂಕಿನವರು ಸುಸ್ತಿ ಎನ್ನುವುದು, ಓದಿದಷ್ಟೂ ಕೈ ಮುಗಿಯಬೇಕೆನಿಸುತ್ತದೆ.

ಉದಾಹರಣೆಗೆ, ಕಂಪನಿಯೊಂದು ಈ ಮೂರೂ ತಾಲೂಕನ್ನು ನಿಮಗೇ ಬರೆದುಕೊಡುತ್ತದೆ ಎಂದಿಟ್ಟುಕೊಳ್ಳಿ. ಐದು ವರ್ಷ, ಆರು ಮಳಿಗೆ. ಒಂದು ಬಿ.ಸಿ.ರೋಡಿನಲ್ಲಿ, ಒಂದು ಉಜಿರೆಯಲ್ಲಿ, ಒಂದು ಮೂಡುಬಿದಿರೆಯ ಕಾಲೇಜು ಮಕ್ಕಳ ದಾರಿಯಲ್ಲಿ, ಹೀಗೆ. ಅಭಿವೃದ್ಧಿ ಶುಲ್ಕ ಮುಂಗಡ. ಹಿಂದೆ ಬರುವ ಕೆಟ್ಟ ಚಾಳಿ ಅದಕ್ಕಿಲ್ಲ. ಬಿ.ಸಿ.ರೋಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿರಾಕಿಗಳಿರಲಿ, ಮೂಡುಬಿದಿರೆಯ ಶಟರ್ ಬರೆದ ತಾರೀಕಿಗೆ ಏಳದಿದ್ದರೆ ನೀವು ಸುಸ್ತಿದಾರರು. ಆಗ ಬೆಳ್ತಂಗಡಿಯ ಹಕ್ಕೂ ಹೋಗಬಹುದು. ಒಂದು ಕರಾರು ತಪ್ಪಿದರೆ ಎಲ್ಲ ಕರಾರೂ ತಪ್ಪಿದಂತೆ ಎಂಬ ಸಾಲು ಸೇರಿದ್ದರೆ ಬಿ.ಸಿ.ರೋಡಿಗೂ ಬೀಗ. ಕೂಡುಕುಟುಂಬ ಮುರಿಯಿತೆಂದು ಕೊರಗುವವರು ಈ ಪುಟ ಓದಿ ಸಮಾಧಾನಪಡಬೇಕು.

ತಾರೀಕು ಬರೆಯುವವರು ದೂರದ ಎ.ಸಿ. ಕೋಣೆಯವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸಾರಣೆ ಒಣಗುವುದಿಲ್ಲ ಎಂಬ ಕ್ಷುಲ್ಲಕ ಸಂಗತಿ ಅವರನ್ನು ಕಾಡುವುದಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದಂಥ ದೈವಾಧೀನಕ್ಕೆ ಕರಾರಿನಲ್ಲಿ ಬೇರೆ ಕಲಮೇ ಇರುತ್ತದೆ, ನಿಜ. ಆದರೆ ಹಣದ ಬಾಕಿಗೆ ಸಾಮಾನ್ಯವಾಗಿ ಅದು ಅನ್ವಯಿಸದು. ವರ್ಷ ವರ್ಷವೂ ತಪ್ಪದೆ ಬರುವ ಮಳೆಯನ್ನು ಅನಿರೀಕ್ಷಿತ ಎಂದು ವಾದಿಸಲು ಬಂಟ್ವಾಳದ ವಕೀಲರಿಗೂ ಬಾಯಿ ಬಾರದು.

ಕರುಣೆಯೂ ಇದೆ. ಕೆಲವು ತಪ್ಪು ತಿದ್ದಿಕೊಳ್ಳಲು ನೋಟಿಸು ಕೊಟ್ಟು ಮೂವತ್ತು ದಿನ ಬಿಡುತ್ತಾರೆ. ರಾಯಲ್ಟಿ ಬಾಕಿಗೆ ಇನ್ನೂ ಕಡಿಮೆ, ದುಡ್ಡಿನ ವಿಷಯದಲ್ಲಿ ಮನುಷ್ಯನನ್ನು ಹೆಚ್ಚು ದಿನ ಚಿಂತೆಗೆ ಬಿಡಬಾರದಲ್ಲ. ಗುಟ್ಟು ಹೊರಗೆ ಬಿಟ್ಟರೆ, ದಿವಾಳಿಯಾದರೆ ಒಂದು ದಿನವೂ ಇಲ್ಲ. ಇನ್ನು ಕಂಪನಿಯೇ ತಪ್ಪಿದರೆ? ಅಂಥ ಕೆಟ್ಟ ಯೋಚನೆ ಕರಡು ಬರೆದವರ ಮನಸ್ಸಿಗೆ ಸುಳಿಯುವುದು ಅಪರೂಪ.

ಸರ್ಕಾರವೂ ಅಡ್ಡ ಬಂದಿಲ್ಲ. ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ದೇಶದಲ್ಲಿಲ್ಲ. 1872ರ ಕರಾರು ಕಾಯ್ದೆಯೇ ಗತಿ. ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅಸಿಂಧು ಎಂದು ಅದರ 27ನೇ ಕಲಂ ಹೇಳುತ್ತದೆ. ಆದರೆ ಕರಾರು ಊರ್ಜಿತವಿರುವಷ್ಟು ಕಾಲ ಎದುರಾಳಿಯ ಸರಕು ಮುಟ್ಟಬೇಡ ಎನ್ನುವುದು ತಪ್ಪಲ್ಲ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಕೋಕಾ ಕೋಲಾ ಪ್ರಕರಣದಲ್ಲಿ ಹೇಳಿತು. ದೊಡ್ಡವರ ಜಗಳ ಬೇರೆ ಲೆಕ್ಕ: ಮೆಕ್‌ಡೊನಾಲ್ಡ್ಸ್ 2017ರಲ್ಲಿ ಉತ್ತರ ಮತ್ತು ಪೂರ್ವ ಭಾರತದ 169 ಮಳಿಗೆಗಳ ಕರಾರನ್ನು ರದ್ದು ಮಾಡಿತು, ಪಾಲುದಾರ ವಿಕ್ರಂ ಬಕ್ಷಿಯೊಂದಿಗೆ ರಾಜಿಯಾದದ್ದು 2019ರಲ್ಲಿ. ಅಷ್ಟು ವರ್ಷ ವಕೀಲರ ಫೀಸು ಕೊಡುವ ತಾಕತ್ತು ನಮಗೂ ಬರಲಿ.

ಕರಾರಿಲ್ಲದೆ ಕೆಟ್ಟ ಊರು ನೋಡಬೇಕಿದ್ದರೆ ಬಂಟ್ವಾಳ ತಾಲೂಕಿನ ಕಲ್ಲಡ್ಕಕ್ಕೆ ಹೋಗಿ. ಅಲ್ಲಿಯ ಲಕ್ಷ್ಮೀನಿವಾಸದ ಕೇಟಿ, ಅಂದರೆ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ಗ್ಲಾಸಿನಲ್ಲಿ ನಿಂತ ಚಹಾ. ಈಗ ಕಂಡ ಕಂಡ ಪೇಟೆಯಲ್ಲಿ ಕೇಟಿ ಬೋರ್ಡು. ವಲಯ ಹಂಚಿಲ್ಲ, ಗಡುವಿಲ್ಲ, ಸುಸ್ತಿ ನೋಟಿಸಿಲ್ಲ. ಇಷ್ಟಾಗಿಯೂ ಚಹಾ ಕುಡಿಯಲು ಜನ ಕಲ್ಲಡ್ಕದಲ್ಲೇ ಗಾಡಿ ನಿಲ್ಲಿಸುವುದು ಎಂಥ ಅಶಿಸ್ತು!

ಮೂಡುಬಿದಿರೆ ಕಡೆಯ ಕಡಂದಲೆಯವರ ಕಥೆ ಇನ್ನೂ ಗಂಭೀರ. ಕಡಂದಲೆ ಕೃಷ್ಣ ರಾವ್ ಮದ್ರಾಸಿನಲ್ಲಿ ಪರರ ಹೋಟೆಲಿನಲ್ಲಿ ದುಡಿದು ಕಲಿತರು, ಆಮೇಲೆ ಸ್ವಂತ ಹೋಟೆಲು ಮಾಡಿದರು, 1938ರಲ್ಲಿ ಅದೇ ಊರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಈಗಿನ ಕರಾರಿನಲ್ಲಿ ತೂಗಿದರೆ ಗುಟ್ಟಿನ ಉಲ್ಲಂಘನೆ, ಎದುರು ವ್ಯಾಪಾರ, ಒಪ್ಪಿಗೆಯಿಲ್ಲದ ವಿಸ್ತರಣೆ, ಮೂರೂ ತಿದ್ದಲಾಗದ ತಪ್ಪು. ಲೋಟ ತೊಳೆಯಲು ಸೇರಿ ಕ್ಯಾಷಿನಲ್ಲಿ ಕೂತು, ಕೊನೆಗೆ ಎದುರು ರಸ್ತೆಯಲ್ಲಿ ಬೋರ್ಡು ಹಾಕಿದ ನಮ್ಮ ಕರಾವಳಿಯ ಹುಡುಗರೆಲ್ಲ ಇದೇ ಪಟ್ಟಿಗೆ ಬರುತ್ತಾರೆ.

ಆದ್ದರಿಂದ ಸಹಿಗೆ ಬರುವವರು ಮನೆಯವರನ್ನೂ ಕರೆತನ್ನಿ. ವೈಯಕ್ತಿಕ ಜಾಮೀನಿನ ಹಾಳೆಯಲ್ಲಿ ಅವರಿಗೂ ಒಂದು ಗೆರೆ ಬಿಟ್ಟಿರುತ್ತಾರೆ. ಅಡಿಕೆ ತೋಟದ ಆರ್‌ಟಿಸಿ ಮರೆಯಬೇಡಿ. ಸ್ಟಾಂಪ್ ಕಾಗದದ ಖರ್ಚು ನಿಮ್ಮದು.