ಬಿಳಿ ಮೇಲೆ ಬೂದು

ಈಗಿನ ವೆಬ್‌ಸೈಟ್ ಡಿಸೈನರ್‌ಗಳಿಗೆ ಕಪ್ಪು ಅಕ್ಷರ ಅಂದರೆ ಅದೇನು ಮುನಿಸೋ ಕಾಣೆ. ಬಿಳಿ ಮೇಲೆ ತಿಳಿ ಬೂದು, ಅದೂ ಇರುವೆ ಗಾತ್ರದಲ್ಲಿ. ಕೇಳಿದರೆ ‘ಮಿನಿಮಲಿಸಂ ಸಾರ್’ ಅಂತಾರೆ. ಮಾಡುವವರಿಗೆ ಎಳೆಗಣ್ಣು, ಎದುರಿಗೆ ಗೋಡೆಯಗಲದ ಮಾನಿಟರ್. ನೋಡುವ ನಮಗೆ ಚಾಳೀಸು ಕನ್ನಡಕ, ಬಸ್‌ಸ್ಟಾಪಿನ ಬಿಸಿಲು, ಬಿರುಕು ಬಿಟ್ಟ ಮೊಬೈಲು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಲಿ ಎಂದು ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲೇ ಹೇಳಿಟ್ಟಿದೆ. ಕೇಳೋರು ಯಾರು!

ನಮ್ಮದು ಬಿಡಿ, ಕಣ್ಣು ಕಿರಿದು ಮಾಡಿಯಾದರೂ ಓದಿಕೊಂಡೇವು. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ನಂಬಿರುತ್ತಾರೆ. ಪುಟದಲ್ಲಿದ್ದುದನ್ನು ಅದು ಗಟ್ಟಿಯಾಗಿ ಓದುತ್ತದೆ. ಪಾಪ, ಡಿಸೈನರ್ ಬಟನ್ನಿಗೆ ಹೆಸರೇ ಇಡದಿದ್ದರೆ ಅದಾದರೂ ಏನು ಓದೀತು? ‘ಬಟನ್... ಬಟನ್... ಬಟನ್’. ದರ್ಜಿ ಅಂಗಡಿ ಹೊಕ್ಕಂತೆ! ಯಾವುದು ಒತ್ತಿದರೆ ದುಡ್ಡು ಹೋಗುತ್ತೆ, ಯಾವುದು ಒತ್ತಿದರೆ ಉಳಿಯುತ್ತೆ, ದೇವರೇ ಬಲ್ಲ.

ಇದಕ್ಕೂ ಮೀರಿದ್ದು ಇ-ಕೆವೈಸಿ, ಅಂದರೆ ಆನ್‌ಲೈನಿನಲ್ಲೇ ಗ್ರಾಹಕರ ಗುರುತು ಪರೀಕ್ಷೆ. ಬದುಕಿದ್ದೀರಿ ಅನ್ನೋದಕ್ಕೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಂತೆ. ಆಸಿಡ್ ದಾಳಿಯಿಂದ ಮಿಟುಕಿಸಲಾಗದವರು, ದೃಷ್ಟಿ ಇಲ್ಲದವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಡಿಜಿಟಲ್ ಸೇವೆ ಸಿಗುವುದೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಕೋರ್ಟ್ ಹೇಳಿತು.

ಚೆಂದ ಬೇಡ ಅಂತ ಯಾರೂ ಅಂದಿಲ್ಲ. ಬಟನ್ನಿನ ನಾಮಕರಣಕ್ಕೆ ಕೋಡಿನಲ್ಲಿ ಒಂದೆರಡು ಪದ ಸಾಕು. ಪುರೋಹಿತರೂ ಬೇಡ, ಹೋಳಿಗೆ ಊಟವೂ ಬೇಡ. ಡಿಸೈನರ್ ಮಹಾಶಯರೇ, ಕಣ್ಣು ಕಾಣದವರಂತೆ ಒಮ್ಮೆ ಮೌಸ್ ಪಕ್ಕಕ್ಕಿಟ್ಟು, ಬರೀ ಕೀಬೋರ್ಡಿನಲ್ಲಿ ನಿಮ್ಮದೇ ಸೈಟಿನಲ್ಲಿ ಒಂದು ಬಿಲ್ ಕಟ್ಟಿ ನೋಡಿ.