ರಾಣಿಗೆ ಐದು ವರ್ಗಾವಣೆ

ಚದುರಂಗದಲ್ಲಿ ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದರೆ ನೋಡುವವರು ಕುರ್ಚಿಯ ತುದಿಗೆ ಬರುತ್ತಾರೆ. ರಾಣಿಯ ಮುಂದಿನದು ನಡೆದರೆ ಕಾಫಿಗೆ ಏಳುತ್ತಾರೆ. ಸಪ್ಪೆ ಆಟ ಎಂಬ ಈ ಅಪವಾದದ ವಿರುದ್ಧ ನನ್ನದೊಂದು ವಕಾಲತ್ತಿದೆ. ಎದುರಾಳಿಯನ್ನು ಹೊಡೆಯುವುದನ್ನು ಯಾವ ಆಟದಿಂದಲಾದರೂ ಕಲಿಯಬಹುದು. ಅವನಿಗೆ ಮಾಡಲು ಕೆಲಸವೇ ಉಳಿಯದಂತೆ ಮಾಡುವುದನ್ನು ಕಲಿಯಲು ಈ ಸಪ್ಪೆಯೇ ಬೇಕು. ಸಾಕ್ಷಿಗೆ 1972ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಆರನೆಯ ಆಟವನ್ನು ತೆಗೆದುಕೊಳ್ಳಿ. ಬಿಳಿ ಕಾಯಿಗಳ ಬಾಬಿ ಫಿಶರ್ ಅಲ್ಲಿಯವರೆಗೆ ರಾಜನ ಕಾಲಾಳಿನ ಕಟ್ಟಾ ಅಭಿಮಾನಿ. ಅಂದು ಸಿ4 ಆಡಿದ. ಅದು ರಾಣಿಯ ಕಾಲಾಳಲ್ಲವಲ್ಲ ಎಂದು ತಕರಾರು ತೆಗೆಯುವವರು ಮೂರನೆಯ ನಡೆಯವರೆಗೆ ತಾಳಬೇಕು. ಆಗ ಡಿ4 ಬಂದು ಆಟ ಕ್ವೀನ್ಸ್ ಗ್ಯಾಂಬಿಟ್‌ನ ಹಳೆಯ ಹೆದ್ದಾರಿಗೇ ಸೇರುತ್ತದೆ.

ಬೋರಿಸ್ ಸ್ಪಾಸ್ಕಿ ಕಟ್ಟಿದ್ದು ತನಗೆ ಕರತಲಾಮಲಕವಾದ ಟಾರ್ಟಕೋವರ್ ರಕ್ಷಣೆ. 20ನೆಯ ನಡೆಯಲ್ಲಿ ಫಿಶರ್ ಇ4 ತಳ್ಳಿದಾಗ ಸ್ಪಾಸ್ಕಿ ತನ್ನ ಕಾಲಾಳನ್ನು ಡಿ5ರಿಂದ ಡಿ4ಕ್ಕೆ ಮುಂದೂಡಿದ. ಅದು ಕಾಯುತ್ತಿದ್ದ ಸಿ4 ಮನೆ ಬಿಳಿಯ ಒಂಟೆಗೆ ಧರ್ಮಕ್ಕೆ ಸಿಕ್ಕಿತು. ಅಲ್ಲಿಂದ ಕಪ್ಪಿನ ಕಾಯಿಗಳು ಒಂದೊಂದಾಗಿ ನಿರುದ್ಯೋಗಿಗಳಾದವು. ಈ ಆಟದ ಪರಮ ಹಾಸ್ಯವಿರುವುದು 32ರಿಂದ 36ರವರೆಗೆ. ಸ್ಪಾಸ್ಕಿಯ ರಾಣಿ ಇ8ಕ್ಕೆ ಹೋಗಿ, ಡಿ8ಕ್ಕೆ ಬಂದು, ಮತ್ತೆ ಇ8, ಮತ್ತೆ ಡಿ8, ಮತ್ತೆ ಇ8. ಯಾರಿಗೂ ಬೇಡವಾದ ಅಧಿಕಾರಿಯ ವರ್ಗಾವಣೆಯಂತೆ, ಪಕ್ಕದ ಕಚೇರಿಗೇ, ಅದೂ ಭತ್ಯೆಯಿಲ್ಲದೆ! ಅಷ್ಟು ಹೊತ್ತು ಫಿಶರ್ ಅಂಚಿನ ಕಾಲಾಳೊಂದನ್ನು ನೂಕುತ್ತಾನೆ, ಆನೆಯನ್ನು ಒಂದು ಮನೆ ಮುಂದೆ, ಮತ್ತೆ ಒಂದು ಮನೆ ಮುಂದೆ ಮಾಡುತ್ತಾನೆ. ಅವಸರವೇ ಇಲ್ಲ. ಆಟ 41ಕ್ಕೆ ಮುಗಿದಾಗ ಸೋತ ಸ್ಪಾಸ್ಕಿಯೂ ಸಭಿಕರ ಜೊತೆ ಚಪ್ಪಾಳೆ ತಟ್ಟಿದ.

ಒಂದು ಆಟ ತೋರಿಸಿ ಇಡೀ ವಂಶಕ್ಕೇ ಪ್ರಮಾಣಪತ್ರ ಕೊಡಬಹುದೇ ಎಂದು ಕೇಳುವವರ ಕೈಯಲ್ಲಿ 1927ರ ಕಾಪಾಬ್ಲಾಂಕ–ಅಲೆಖಿನ್ ಪಂದ್ಯವಿದೆ: 34 ಆಟ, ಹೆಚ್ಚುಕಡಿಮೆ ಎಲ್ಲವೂ ಇದೇ ಹಾದಿಯವು, 25 ಡ್ರಾ. ಒಪ್ಪಿದೆ, ಎಲ್ಲವನ್ನೂ ಓದಲು ಇನ್ನೊಂದು ಜನ್ಮ ಬೇಕು. ಆದರೆ ಅವು ಡ್ರಾ ಆದದ್ದು ಇಬ್ಬರಿಗೂ ಕೊನೆಯವರೆಗೆ ಏನಾದರೂ ಕೆಲಸ ಸಿಗುತ್ತಿದ್ದುದರಿಂದ; ಅದು ನನ್ನ ವಾದಕ್ಕೇ ಪುಷ್ಟಿ. ಕಂಪ್ಯೂಟರ್ ಕ್ಷಣದಲ್ಲಿ ಹೇಳುವುದಕ್ಕೆ ಇಷ್ಟು ತಲೆಬಿಸಿ ಯಾಕೆ ಅನ್ನುವವರೂ ಇದ್ದಾರೆ. ಕಂಪ್ಯೂಟರ್ ಅಂಕಿ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಅದನ್ನು ಆರಿಸಿ, 32ರ ಸ್ಥಿತಿಯನ್ನು ಮಣೆಯ ಮೇಲೆ ಹೂಡಿ, ಕಪ್ಪಿನ ಯಾವುದಾದರೂ ಕಾಯಿಗೆ ಮರ್ಯಾದೆಯ ಉದ್ಯೋಗ ಹುಡುಕಿ ನೋಡಿ. ಕುದುರೆಗೆ ಮಾತ್ರ ಎಫ್6ರಲ್ಲಿ ಕೆಲಸ ಕೊಡಿಸಲು ಹೋಗಬೇಡಿ. 37ರಲ್ಲಿ ಸ್ಪಾಸ್ಕಿ ಅದನ್ನೇ ಮಾಡಿದ. ಮರುನಡೆಯಲ್ಲೇ ಫಿಶರನ ಆನೆ ಅದನ್ನು ನುಂಗಿತು.