ಕೂಳೆ ಹೊಲದ ಪರೋಪಕಾರಿ

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್, ವಿಲ್ಟ್‌ಶೈರ್ ಸೀಮೆಗಳಲ್ಲಿ ಆಗಸ್ಟ್ ತಿಂಗಳು ಕಾಲಿಟ್ಟು, ಕೊಯ್ಲಿನ ಯಂತ್ರಗಳು ಬಾರ್ಲಿಯನ್ನೂ ಗೋಧಿಯನ್ನೂ ಕೊಯ್ದು, ಉದುರಿದ ಕಾಳನ್ನು ಕೂಳೆಯ ನಡುವೆಯೇ ಬಿಟ್ಟು ಹೊರಟೊಡನೆ, ಬೇಲಿಯ ಅಂಚಿನಲ್ಲಿ ಎರಡು ಬಗೆಯ ಜೀವಿಗಳು ಗೋಚರಿಸುತ್ತವೆ: ಒಂದು, ಕತ್ತಿನ ಇಕ್ಕೆಲಗಳಲ್ಲಿ ಬಿಳಿಯ ಮಚ್ಚೆಯನ್ನು ಧರಿಸಿದ, ಸುಮಾರು ಅರ್ಧ ಕಿಲೋ ತೂಗುವ ಬೂದುಬಣ್ಣದ ಕಾಡುಪಾರಿವಾಳ, ಇನ್ನೊಂದು, ಆ ಪಾರಿವಾಳದ ಬಾಯಿಂದ ರೈತಕುಲವನ್ನು ಉದ್ಧರಿಸುವ ಸಲುವಾಗಿಯೇ ತಾನು ಜನ್ಮವೆತ್ತಿರುವುದಾಗಿ ದೃಢವಾಗಿ ನಂಬಿರುವ ನಮ್ಮ ಕಥಾನಾಯಕ. ಮೊದಲನೆಯದಕ್ಕೆ ರೆಕ್ಕೆಗಳುಂಟು, ಎರಡನೆಯವನಿಗೆ ಸಾಮಾನುಗಳುಂಟು.

ಆತನ ವೃತ್ತಿ ಯಾವುದಾದರೂ ಆಗಿರಬಹುದು, ವಯಸ್ಸು ಮಾತ್ರ ಐವತ್ತನ್ನು ದಾಟಿರುತ್ತದೆ. ಬೇಟೆಯ ಮುನ್ನಾದಿನವೇ ದುರ್ಬೀನನ್ನು ಕೊರಳಿಗೆ ತೂಗುಹಾಕಿಕೊಂಡು, ಪಾರಿವಾಳಗಳು ಯಾವ ತೋಪಿನಿಂದೆದ್ದು ಯಾವ ಬೇಲಿಯ ಗುಂಟ ಯಾವ ಹೊಲಕ್ಕಿಳಿಯುವುವೆಂಬುದನ್ನು, ಗ್ರಹಗತಿಯನ್ನು ಗುಣಿಸುವ ಜೋಯಿಸರ ಗಾಂಭೀರ್ಯದಿಂದ ಗುರುತು ಹಾಕಿಕೊಳ್ಳುತ್ತಾನೆ. ಬಳಿಕ ಹೊಲದ ಯಜಮಾನನನ್ನು ಕಂಡು, “ಹಕ್ಕಿಯ ಹಾವಳಿ ವಿಪರೀತವಾಗಿರಬೇಕಲ್ಲವೆ?” ಎಂದು ಕನಿಕರದಿಂದ ವಿಚಾರಿಸುತ್ತಾನೆ.

“ಕೊಯ್ಲು ಮುಗಿದು ಕಾಳು ಕಣಜ ಸೇರಿತಲ್ಲ, ಇನ್ನೆಲ್ಲಿಯ ಹಾವಳಿ?” ಎನ್ನುತ್ತಾನೆ ಆ ಯಜಮಾನ, ಟ್ರ್ಯಾಕ್ಟರಿನಿಂದ ಇಳಿಯದೆಯೇ.

“ಇಂದು ನಿಮ್ಮ ಕೂಳೆಯಲ್ಲಿ ಮೇಯ್ದದ್ದು ನಾಳೆ ನೆರೆಯವರ ಪೈರಿಗೆ ಬಾಯಿ ಹಾಕದೆ ಬಿಟ್ಟೀತೆ?”

ನೆರೆಯವನ ಪೈರಿನ ವಿಷಯದಲ್ಲಿ ಯಜಮಾನನಿಗೆ ಅಷ್ಟೇನೂ ಆತಂಕವಿಲ್ಲದಿದ್ದರೂ, ಕಳೆದ ಕ್ರಿಸ್ಮಸ್ಸಿನಲ್ಲಿ ಈತನಿಂದಲೇ ಬಂದ ವಿಸ್ಕಿಯ ಸೀಸೆ ನೆನಪಿಗೆ ಬಂದು, ಅಪ್ಪಣೆ ದೊರೆಯುತ್ತದೆ.

ಮರುದಿನ ಬೆಳಗ್ಗೆ ಸಂಸಾರವೇ ಒಕ್ಕಲೆದ್ದು ಬಂದಂತೆ ಕಾರಿನಿಂದ ಸಾಮಾನು ಇಳಿಯುತ್ತದೆ: ಮರೆ ಕಟ್ಟಲು ಗೂಟಗಳು, ಎಲೆಯ ಬಣ್ಣದ ಬಲೆ, ಕುಳಿತಲ್ಲೇ ತಿರುಗುವ ಪೀಠ, ಜೋಡುನಳಿಗೆಯ ಕೋವಿ, ತೋಟಾಗಳ ಚೀಲ, ಚಹಾದ ಫ್ಲಾಸ್ಕು, ಪ್ಲಾಸ್ಟಿಕ್ಕಿನ ದೀವದ ಹಕ್ಕಿಗಳ ಮೂಟೆ; ಇವೆಲ್ಲಕ್ಕೂ ಕಿರೀಟಪ್ರಾಯವಾಗಿ, ಎರಡು ಉದ್ದನೆಯ ಕಡ್ಡಿಗಳ ತುದಿಗೆ ಸತ್ತ ಪಾರಿವಾಳಗಳನ್ನು ಸಿಕ್ಕಿಸಿ, ಅವು ಇಳಿಯಲು ಸುತ್ತುತ್ತಿರುವಂತೆ ಭ್ರಮೆ ಹುಟ್ಟಿಸುವ, ಬ್ಯಾಟರಿಯಿಂದ ತಿರುಗುವ ಒಂದು ಯಂತ್ರ. ಪಾರಿವಾಳವು ಗಾಳಿಗೆ ಎದುರಾಗಿ ಇಳಿಯುವ ಹಕ್ಕಿಯಾದುದರಿಂದ ಕಥಾನಾಯಕನು ಗಾಳಿಗೆ ಬೆನ್ನು ಕೊಟ್ಟು ಕುಳಿತು, ದೀವಗಳನ್ನು ಮುಂದೆ ಕುದುರೆಲಾಳದಾಕಾರದಲ್ಲಿ ಹರಡಿ, ಬರುವ ಅತಿಥಿಗಳಿಗೆ ನಡುವೆ ಖಾಲಿ ಅಂಗಳವೊಂದನ್ನು ಬಿಡಬೇಕೆಂಬುದು ಶಾಸ್ತ್ರ. ಈ ಶಾಸ್ತ್ರಕ್ಕೆ ಆಚಾರ್ಯರೂ ಉಂಟು: ಹೊಲಗಳ ಪಾರಿವಾಳಬೇಟೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ಹ್ಯಾಂಪ್‌ಶೈರಿನ ಮೇಜರ್ ಆರ್ಚೀ ಕೋಟ್ಸ್ 1963ರಲ್ಲಿ ಬರೆದ ಗ್ರಂಥವನ್ನು ನಮ್ಮವನು ನಿತ್ಯಪಾರಾಯಣ ಮಾಡುತ್ತಾನೆ.

ಗ್ರಂಥವನ್ನು ಓದದಿರುವುದು ಪಾರಿವಾಳವೊಂದೇ. ಎರಡು ಗಂಟೆ ಆಕಾಶ ಬರಿದಾಗಿದ್ದು, ಅಂತೂ ಒಂದು ಹಕ್ಕಿ ದೂರದ ಓಕ್ ಮರದಿಂದೆದ್ದು, ಬೇಲಿಯ ಮೇಲೆ ತೇಲಿಬಂದು, ರೆಕ್ಕೆಗಳನ್ನು ಬಿಗಿಹಿಡಿದು, ಬಿಟ್ಟಿದ್ದ ಅಂಗಳದತ್ತ ಜಾರತೊಡಗುತ್ತದೆ. ಆ ಗಳಿಗೆಗೆ ಸರಿಯಾಗಿ ಫ್ಲಾಸ್ಕಿನ ಮುಚ್ಚಳ ಬಿಸಿಲಿಗೆ ಫಳಕ್ಕೆಂದು ಹೊಳೆಯುತ್ತದೆ. ಹಕ್ಕಿ ಗಾಳಿಯಲ್ಲೇ ಮಗುಚಿದಂತೆ ಹೊರಳಿ, ರೆಕ್ಕೆಯ ಬಿಳಿಯ ಪಟ್ಟಿಯನ್ನು ಪ್ರದರ್ಶಿಸಿ ಹೊರಟುಹೋಗುತ್ತದೆ. ಎರಡು ನಳಿಗೆಗಳೂ ಸಿಡಿಯುತ್ತವೆ. ಬೂದು ಪುಕ್ಕವೊಂದು ಆರಾಮವಾಗಿ ಕೆಳಗಿಳಿಯುತ್ತದೆ. ದೀವದ ಹಕ್ಕಿಯೊಂದು ಮಗ್ಗುಲಿಗೆ ಉರುಳುತ್ತದೆ. “ಗಾಳಿ ತಿರುಗಿತು,” ಎನ್ನುತ್ತಾನೆ ಕಥಾನಾಯಕ, ಯಾರೂ ಕೇಳದಿದ್ದರೂ. ಸಂಜೆಯ ಹೊತ್ತಿಗೆ ಗಾಳಿಯೊಡನೆ ಬಿಸಿಲು, ತೋಟಾದ ಮದ್ದು, ಪಕ್ಕದೂರಿನ ಬಿಸಿಗಾಳಿಯ ಬಲೂನು ಇವೂ ಆಪಾದಿತರ ಪಟ್ಟಿಗೆ ಸೇರಿರುತ್ತವೆ. ಬಿದ್ದ ಹಕ್ಕಿಗಳನ್ನು ಮಾಂಸದ ವ್ಯಾಪಾರಿಗೆ ಕೊಟ್ಟರೆ ಬರುವ ಹಣ ಸುಟ್ಟ ತೋಟಾಗಳ ಬೆಲೆಗೂ ಸಾಲದು. ಈ ನಷ್ಟವನ್ನೇ ಆತನು ತನ್ನ ತ್ಯಾಗಕ್ಕೆ ಪ್ರಮಾಣವೆಂದು ಬಗೆಯುತ್ತಾನೆ.

ಪರೋಪಕಾರದ ಈ ವೇಷಕ್ಕೆ ಕಾಯಿದೆಯ ಆಧಾರವೂ ಇದೆಯೆಂಬುದನ್ನು ಒಪ್ಪಬೇಕು. 1981ರ ವನ್ಯಜೀವಿ ಶಾಸನದಂತೆ ಆ ದೇಶದ ಕಾಡುಹಕ್ಕಿಗಳಿಗೆಲ್ಲ ರಕ್ಷಣೆಯುಂಟಾಗಿ, ಬೆಳೆಗೆ ಗಂಭೀರವಾದ ಹಾನಿಯನ್ನು ತಪ್ಪಿಸುವಂಥ ಕಾರಣಗಳಿಗಾಗಿಯಷ್ಟೇ, ಸಾಮಾನ್ಯ ಪರವಾನಗಿಯ ಮೇರೆಗೆ, ಪಾರಿವಾಳವನ್ನು ಹೊಡೆಯಬಹುದು. ಮೋಜಿಗಾಗಿ ಹೊಡೆದೆನೆಂದು ಬಾಯಿಬಿಡುವಂತಿಲ್ಲ. 2019ರ ಏಪ್ರಿಲಿನಲ್ಲಿ, ನ್ಯಾಯಾಲಯದಲ್ಲಿ ಹೂಡಲಾದ ಆಕ್ಷೇಪಣೆಯ ಫಲವಾಗಿ, ಸರ್ಕಾರಿ ಸಂಸ್ಥೆಯು ಆ ಪರವಾನಗಿಗಳನ್ನು ದಿಢೀರನೆ ಹಿಂತೆಗೆದುಕೊಂಡು ಹೊಸವನ್ನು ಹೊರಡಿಸಿದಾಗ, ಕಥಾನಾಯಕನು ಅಲ್ಲಿಯವರೆಗೆ ತಾನು ಪಾಲಿಸುತ್ತಿದ್ದ ನಿಯಮವನ್ನು ಮೊತ್ತಮೊದಲ ಬಾರಿಗೆ ಓದಿದನು.

ಆದರೆ ಆತನು ಓದದ ಪುಸ್ತಕವೊಂದಿದೆ. ಪಕ್ಷಿವಿಜ್ಞಾನಿ ಮರ್ಟನ್ ಕೇಂಬ್ರಿಜ್‌ಶೈರಿನ ಹೊಲಗಳಲ್ಲಿ ಈ ಹಕ್ಕಿಯನ್ನು ವರ್ಷಗಟ್ಟಲೆ ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಚಳಿಗಾಲದ ಆಹಾರವೇ ಪಾರಿವಾಳಗಳ ಸಂಖ್ಯೆಯನ್ನು ನಿರ್ಣಯಿಸುತ್ತದೆ, ಕೋವಿಗೆ ಬಿದ್ದವುಗಳಲ್ಲಿ ಬಹುಪಾಲು ಹೇಗೂ ಹಸಿವಿಗೆ ಬಲಿಯಾಗತಕ್ಕವು ಎಂಬುದು ಅವರ ಅಧ್ಯಯನದ ಸಾರ. ಈಗಂತೂ ಚಳಿಗಾಲದುದ್ದಕ್ಕೂ ಹಸುರಾಗಿರುವ, ಎಣ್ಣೆಗಾಗಿ ಬೆಳೆಯುವ ರೇಪ್ ಪೈರು ಹೊಲಹೊಲಗಳಲ್ಲಿ ಹಬ್ಬಿ, ಆ ಹಸಿವೂ ತಗ್ಗಿದೆ.

ಪೈರಿಗೆ ನಿಜವಾದ ಹಾನಿಯಾಗುವುದು ಆ ರೇಪ್ ಹೊಲದಲ್ಲಿ, ಫೆಬ್ರುವರಿಯ ಕೊರೆಯುವ ಗಾಳಿಯಲ್ಲಿ, ಸಾವಿರಾರು ಹಕ್ಕಿಗಳು ಒಟ್ಟಾಗಿ ಎಲೆಯನ್ನು ತರಿಯುವಾಗ. ಆಗ ರೈತನು ಫೋನು ಮಾಡಿ ಕರೆದರೆ ನಮ್ಮ ಪರೋಪಕಾರಿಗೆ ನೆಗಡಿ, ಸೊಂಟನೋವು, ಮೊಮ್ಮಗಳ ಹುಟ್ಟುಹಬ್ಬ, ಮೂರೂ ಒಮ್ಮೆಗೇ ಬಂದಿರುತ್ತವೆ. ಬಡಪಾಯಿ ರೈತನು ಗ್ಯಾಸಿನಿಂದ ಸದ್ದು ಮಾಡುವ ತೋಪೊಂದನ್ನು ತಾನೇ ಹೊಲಕ್ಕೆ ಹೊತ್ತುಕೊಂಡು ಹೋಗುತ್ತಾನೆ. ಲೋಕೋಪಕಾರಕ್ಕೆಂದೇ ಹೊರಟೆನೆನ್ನುವವನ ಮಾತನ್ನು ನಂಬುವ ಮೊದಲು, ವಾಚಕರು ಆತನು ಯಾವ ತಿಂಗಳಲ್ಲಿ ಹೊರಟನೆಂಬುದನ್ನು ವಿಚಾರಿಸುವುದು ಒಳ್ಳೆಯದು.